ಪಾಪ ನಾಯಿಗಿಲ್ಲ

ನಾಯಿ ಕಚ್ಚಿದರೆ ಪಾಪ ಯಾರಿಗೆ? ನಮ್ಮ ಹಿರಿಯರ ಲೆಕ್ಕದಲ್ಲಿ ಪ್ರಾಣಿಗಳದ್ದು ಭೋಗಯೋನಿ, ಬಂದದ್ದನ್ನು ಉಣ್ಣುವ ಜನ್ಮ. ಹೊಸದಾಗಿ ಪಾಪಪುಣ್ಯ ಕಟ್ಟಿಕೊಳ್ಳುವವನು ಮನುಷ್ಯ ಮಾತ್ರ. ಹಾಗಿದ್ದಮೇಲೆ ನಮ್ಮ ಕರಿಯನೋ ಕೆಂಪಿಯೋ ದಾರಿಹೋಕರ ಕಾಲಿಗೆ ಬಾಯಿ ಹಾಕಿದರೆ ಆ ಕರ್ಮ ಅವುಗಳಿಗೆ ಅಂಟದು. ಅನ್ನ ಹಾಕಿ ಸಾಕಿದ ನನಗೇ ಅಂಟಬೇಕು.

ಕಾನೂನು ಹೇಳುವುದೂ ಇದನ್ನೇ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಾಪಾಯವೋ ತೀವ್ರ ಗಾಯವೋ ಆಗುವ ಸಂಭವವಿದ್ದೂ ಎಚ್ಚರ ತಪ್ಪಿದವನಿಗೆ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ತೀರ್ಥಹಳ್ಳಿ ಕಡೆ ನಮ್ಮದು ಒಂಟಿಮನೆ, ಸುತ್ತ ಅಡಿಕೆ ತೋಟ. ಕರಿಯ, ಕೆಂಪಿ, ರಾಜ ಎಂದು ಮೂರು ನಾಯಿಗಳಿವೆ. ಒಂದೇ ಇದ್ದಾಗ ನಾಯಿ ಮನೆಯವರ ಮುಖ ನೋಡುತ್ತದೆ. ಮೂರಾದರೆ ಒಂದರ ಮುಖ ಇನ್ನೊಂದು ನೋಡುತ್ತದೆ. ರಾಜ ಉಣುಗೋಲಿನತ್ತ ಓಡಿದರೆ ಕಾರಣ ಗೊತ್ತಿಲ್ಲದೆ ಉಳಿದೆರಡೂ ಹಿಂದೆ ಓಡುತ್ತವೆ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರುವ ದಿನ, ಅಂಚೆಯವನು ಬರುವ ಹೊತ್ತು, ಶಾಲೆ ಬಿಡುವ ಸಮಯ, ಇವೆಲ್ಲ ನನ್ನ ತಲೆಯಲ್ಲಿರಬೇಕು. ವರ್ಷ ವರ್ಷ ಮೂರಕ್ಕೂ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಬೇಕು. ಆ ರೋಗ ಕಾಣಿಸಿಕೊಂಡ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ.

ಹಾಗೆಂದು ಮೂರನ್ನೂ ಹಗಲೂ ರಾತ್ರಿ ಕಟ್ಟಿಹಾಕಿ ನಿಶ್ಚಿಂತನಾಗುವಂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅದನ್ನೂ ಅಪರಾಧವೆಂದಿದೆ. ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಬಿಗಿಯುವುದು, ಸದಾ ಕಟ್ಟಿರುವ ನಾಯಿಯನ್ನು ಓಡಾಡಿಸದೆ ಇರುವುದು, ಸಾಕಷ್ಟು ಅನ್ನ ನೀರು ನೆರಳು ಕೊಡದಿರುವುದು, ಕಾರಣವಿಲ್ಲದೆ ಬಿಟ್ಟುಬರುವುದು, ಎಲ್ಲವೂ 11ನೇ ಕಲಮಿನಲ್ಲಿವೆ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಯ ಹೆದರಿಕೆಗೆ ಯಾರೂ ಸರಪಳಿ ಬಿಚ್ಚುವುದಿಲ್ಲ. ಧರ್ಮ ಬೇಕಾಗುವುದು ಇಲ್ಲಿಯೇ.

ನಾಯಿಯ ಮಾತು ಬಂದರೆ ಎಲ್ಲರೂ ಜೊತೆಗೆ ಬಂದ ನಾಯಿಯನ್ನು ಬಿಡಲೊಲ್ಲದೆ ಸ್ವರ್ಗದ ಬಾಗಿಲಲ್ಲಿ ನಿಂತ ಧರ್ಮರಾಯನನ್ನು ನೆನೆಯುತ್ತಾರೆ. ನನಗೆ ಹತ್ತಿರವಾದದ್ದು ಮಹಾಭಾರತದ ಆದಿಪರ್ವದಲ್ಲಿ ಬರುವ ಹೆಣ್ಣುನಾಯಿ ಸರಮೆ. ದೊರೆ ಜನಮೇಜಯನ ಸತ್ರಯಾಗಕ್ಕೆ ಬಂದ ಅವಳ ಮರಿಯನ್ನು ದೊರೆಯ ತಮ್ಮಂದಿರು ಹೊಡೆದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿರಲೂ ಇಲ್ಲ. ತಾಯಿ ಬಂದು ಕಾರಣ ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಕಾಣದ ಕಡೆಯಿಂದ ನಿನಗೆ ಭಯ ಬರಲಿ ಎಂದು ಅವಳು ಶಪಿಸಿದ್ದು ಹೊಡೆದ ತಮ್ಮಂದಿರನ್ನಲ್ಲ, ಜನಮೇಜಯನನ್ನು. ಆ ಅಂಗಳ ಅವನದಾಗಿತ್ತು. ಅಂಗಳದಲ್ಲಿ ನಡೆದದ್ದಕ್ಕೆ ಅಂಗಳದವನು ಹೊಣೆ ಎಂಬ ಈ ನ್ಯಾಯವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದ್ದರಿಂದಲೇ ಯಾರಾದರೂ ಮರಿಗಳನ್ನು ಚೀಲದಲ್ಲಿ ತಂದು ನಮ್ಮ ದಾರಿಯಲ್ಲಿ ಬಿಟ್ಟು ಹೋದಾಗ, ಕರುಣೆ ಉಕ್ಕಿದ ಕೂಡಲೇ ನಾಲ್ಕನೆಯದನ್ನು ಒಳಗೆ ಬಿಡುವುದಿಲ್ಲ. ಹೊಟ್ಟೆಗೆ ಹಾಕುತ್ತೇನೆ, ಚುಚ್ಚುಮದ್ದು ಹಾಕಿಸುತ್ತೇನೆ, ಸಾಕುವ ಮನೆ ಹುಡುಕುತ್ತೇನೆ. ನೋಡಿಕೊಳ್ಳಲಾಗದಷ್ಟು ಜೀವಗಳನ್ನು ಕೂಡಿಹಾಕುವುದನ್ನು ದಯೆ ಎನ್ನಲಾರೆ. ಅಲ್ಲಿ ಸಮಾಧಾನ ಸಾಕಿದವನಿಗೆ, ಕಷ್ಟ ನಾಯಿಗೆ. ಮನಸ್ಸು ಎಷ್ಟನ್ನಾದರೂ ಪ್ರೀತಿಸಲಿ. ನನ್ನವು ಎಂದು ಹೇಳುವ ಮುಂಚೆ, ಅಷ್ಟೂ ನಾಯಿಗಳ ತಪ್ಪನ್ನು ನನ್ನ ತಲೆಯ ಮೇಲೆ ಹೊರಬಲ್ಲೆನೇ ಎಂದು ಕೇಳಿಕೊಳ್ಳಲೇಬೇಕು.