ನೂರಕ್ಕೆ ಎರಡು

(ಶಿವಣ್ಣ ಚಳ್ಳಕೆರೆ ಕಡೆಯ ಕುರಿಗಾಹಿ ಮನೆತನದವರು, ನಿವೃತ್ತ ಪಶುವೈದ್ಯರು. ಸಹನಾ ಅವರ ಮಗಳು; ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪಶುವೈದ್ಯೆ. ರಿಯಾಜ್ ಭಟ್ಕಳದವರು, ಬಹುಕಾಲ ದುಬೈಯಲ್ಲಿ ಮಾಂಸದ ವ್ಯಾಪಾರ ಮಾಡಿದವರು. ಶಿವಣ್ಣ ಭಟ್ಕಳದ ಪಶು ಆಸ್ಪತ್ರೆಯಲ್ಲಿದ್ದ ಕಾಲದಿಂದ ಇಬ್ಬರಿಗೂ ಸ್ನೇಹ. ಮಾತು ನಡೆದದ್ದು ಭಟ್ಕಳದಲ್ಲಿ, ರಿಯಾಜ್ ಮನೆಯಲ್ಲಿ, ಊಟವಾದ ಮೇಲೆ. ಊಟಕ್ಕೆ ಮಟನ್ ಬಿರಿಯಾನಿ ಇತ್ತು. ಮೂವರೂ ಎರಡೆರಡು ಸಲ ಬಡಿಸಿಕೊಂಡಿದ್ದರು.)

ರಿಯಾಜ್: ಡಾಕ್ಟ್ರೇ, ನಿಮ್ಮ ಮಗಳ ಊರಿನವರು ನಮ್ಮ ಹೊಟ್ಟೆ ಮೇಲೆ ಹೊಡೆದರು. ಪರ್ತ್ ಪಕ್ಕದ ಫ್ರೀಮ್ಯಾಂಟಲ್ ಬಂದರಿನಿಂದ ಕುರಿ ಹಡಗು ಬರೋದು ನಿಲ್ಲತ್ತಂತೆ.

ಸಹನಾ: 2028ರ ಮೇ 1ಕ್ಕೆ ನಿಲ್ಲತ್ತೆ ಅಂಕಲ್. ಕಾಯ್ದೆ ಆಗಿದ್ದು 2024ರಲ್ಲಿ. ಆದರೆ ವ್ಯಾಪಾರ ಅದಕ್ಕೂ ಮೊದಲೇ ಸೊರಗಿತ್ತು. ಈ ಶತಮಾನದ ಶುರುವಿನಲ್ಲಿ ವರ್ಷಕ್ಕೆ ಸುಮಾರು 60 ಲಕ್ಷ ಕುರಿ ಹಡಗು ಹತ್ತುತ್ತಿದ್ದವು. 2022-23ರಲ್ಲಿ ಆರೂವರೆ ಲಕ್ಷ ಅಷ್ಟೆ. ಈಗ ಅಲ್ಲೇ ಕಡಿದು, ತಂಪು ಪೆಟ್ಟಿಗೆಗೆ ಹಾಕಿ, ವಿಮಾನದಲ್ಲಿ ನಿಮ್ಮ ದುಬೈಗೆ ಕಳಿಸ್ತಾರೆ.

ರಿಯಾಜ್: ಗೊತ್ತು, ನಾನೇ ಮಾರಿದ್ದೀನಿ. ಹೋಟೆಲಿನವರಿಗೆ ಅದು ಸಾಕು. ಮನೆಯವರಿಗೆ ಸಾಲದು. ಕಣ್ಣೆದುರು ಕುರಿ ನಿಂತಿರಬೇಕು, ಹಲ್ಲು ನೋಡಬೇಕು, ಬೆನ್ನು ಒತ್ತಿ ನೋಡಬೇಕು. ಬಕ್ರೀದ್ ಬಂತು ಅಂದರೆ ಕೇಳಲೇಬೇಡ.

ಶಿವಣ್ಣ: ನನಗೂ ನಿನ್ನ ಕಾಯ್ದೆ ಪೂರ್ತಿ ಅರ್ಥವಾಗಿಲ್ಲ ಸಹನಾ. ನಮ್ಮ ಹಟ್ಟಿಯಲ್ಲಿ ಟಗರು ಸಾಕೋದೇ ಕಡಿಯೋಕೆ. ಇವತ್ತು ಪರ್ತ್ ಹತ್ತಿರ ಸತ್ತರೇನು, ಮೂರು ವಾರ ಬಿಟ್ಟು ಕುವೈತ್‌ನಲ್ಲಿ ಸತ್ತರೇನು? ಮೂರು ವಾರ ಹೆಚ್ಚೇ ಬದುಕಿತಲ್ಲ ಅಂತ ಹಡಗಿನವನು ಅಂದರೆ ಏನು ಹೇಳ್ತೀಯ?

ಸಹನಾ: ಹೇಗೆ ಬದುಕಿತು ಅಂತ ಕೇಳ್ತೀನಿ. ನಿನಗೆ ಬಿಡಿಸಿ ಹೇಳಬೇಕಿಲ್ಲ, ಅಂಕಲ್‌ಗೆ ಹೇಳ್ತೀನಿ. ಆಗಸ್ಟ್ ನಮ್ಮಲ್ಲಿ ಚಳಿಗಾಲ. ಚಳಿಗೆ ಹೊಂದಿಕೊಂಡ ಮೆರಿನೊ ಕುರಿ ಸಮಭಾಜಕ ವೃತ್ತ ದಾಟಿ ನೇರ ಕೊಲ್ಲಿಯ ನಡುಬೇಸಿಗೆಗೆ ಹೋಗಿ ಬೀಳತ್ತೆ. ಕುರಿ ಮೈ ತಣಿಸಿಕೊಳ್ಳೋದು ಹೆಚ್ಚಾಗಿ ತೇಕಿ. ಉಸಿರಿನ ಜೊತೆ ನೀರು ಆವಿಯಾಗಿ ಹೋದರೆ ಮೈ ತಂಪು. ಗಾಳಿಯಲ್ಲೇ ತೇವ ತುಂಬಿದ್ದರೆ ಎಷ್ಟು ತೇಕಿದರೂ ಆವಿ ಹೋಗಲ್ಲ. ಬಾಯಿ ತೆರೆದು, ನಾಲಿಗೆ ಚಾಚಿ, ಕತ್ತು ಮೇಲೆತ್ತಿಕೊಂಡು ನಿಲ್ತವೆ. ಕುರಿಗಳ ಅಟ್ಟವನ್ನ ದಾರಿಯಲ್ಲಿ ತೊಳೆಯೋ ಪದ್ಧತಿ ಇಲ್ಲ. ಹಿಕ್ಕೆ ಒಣಗಿ ಗಟ್ಟಿಯಾಗಿ ಅದೇ ಹಾಸು ಆಗಬೇಕು. ಆ ಸೆಕೆಗೆ ಅದು ಒಣಗೋದಿಲ್ಲ, ಕಲಸಿ ಕೆಸರಾಗತ್ತೆ. ಮಲಗಿದರೆ ಕೆಸರಲ್ಲಿ ಮುಳುಗತ್ತೆ, ನಿಂತರೆ ಕಾಲು ಸೋಲತ್ತೆ. 2017ರ ಆಗಸ್ಟ್‌ನಲ್ಲಿ ಅವಾಸಿ ಎಕ್ಸ್‌ಪ್ರೆಸ್ ಅನ್ನೋ ಹಡಗಿನಲ್ಲಿ ಸುಮಾರು 64,000 ಕುರಿ ಇದ್ದವು. ಅದರಲ್ಲಿ 2,400ರಷ್ಟು ಸತ್ತವು, ಹೆಚ್ಚಿನವು ಹೀಗೆ ಬೆಂದು. ಹಡಗಿನಲ್ಲಿ ತರಬೇತಿಗಿದ್ದ ಪಾಕಿಸ್ತಾನದ ಹುಡುಗನೊಬ್ಬ ಫೋನಿನಲ್ಲಿ ಅದನ್ನೆಲ್ಲ ಹಿಡಿದಿಟ್ಟ. ಮರುವರ್ಷ ಏಪ್ರಿಲ್‌ನಲ್ಲಿ ಟೀವಿಯಲ್ಲಿ ಬಂತು. ಕಾಯ್ದೆಯ ಬೇರು ಅಲ್ಲಿದೆ.

ರಿಯಾಜ್: ನಾನೂ ನೋಡಿದೆ. ಸಂಕಟ ಆಯ್ತು. ಆದರೆ 61,000 ಬದುಕಿ ಬಂದವಲ್ಲ ಮಗಳೇ? ಒಂದು ಬಸ್ಸು ಉರುಳಿತು ಅಂತ ಬಸ್ಸೇ ಬೇಡ ಅಂತೀವಾ?

ಸಹನಾ: ಅವತ್ತಿನ ನಿಯಮ ಕೇಳಿ. ನೂರಕ್ಕೆ ಎರಡು ಕುರಿ ಸಾಯೋವರೆಗೆ ಅದು ಮಾಮೂಲಿ ಪ್ರಯಾಣ. ಎರಡಾದರೆ ತಿಳಿಸಬೇಕು, ತನಿಖೆ ಆಗತ್ತೆ. ಅಷ್ಟು ದೊಡ್ಡ ಹಡಗಿನಲ್ಲಿ 1,200 ಕುರಿ ಸತ್ತಿದ್ದರೆ ಯಾರ ನಿದ್ದೆಯೂ ಕೆಡ್ತಿರಲಿಲ್ಲ. ಟೀವಿಯಲ್ಲಿ ಬಂದ ಮೇಲೆ ಎರಡನ್ನ ಒಂದಕ್ಕೆ ಇಳಿಸಿದರು.

ಶಿವಣ್ಣ: ನಿಲ್ಲು. ನಮ್ಮ ಮಂದೆಯಲ್ಲೂ ಸಾಯ್ತವೆ. ನೀಲಿ ನಾಲಿಗೆ ರೋಗ ಬಂದ ವರ್ಷ ನೂರಕ್ಕೆ ಎರಡಲ್ಲ, ಇಪ್ಪತ್ತು ಮೂವತ್ತು ಹೋಗಿದ್ದು ಕಂಡಿದ್ದೀನಿ. ಆ ಕುರಿಗಾಹಿಯನ್ನ ಕಟುಕ ಅಂತೀಯಾ? ಸಾವಿನ ಲೆಕ್ಕವೇ ಅಳತೆಗೋಲಾದರೆ ಹಡಗಿನವನೇ ವಾಸಿ.

ಸಹನಾ: ಲೆಕ್ಕ ಅಳತೆಗೋಲಲ್ಲ ಅಂತಲೇ ನಾನೂ ಹೇಳ್ತಿರೋದು. ಹಡಗಿನಲ್ಲಿ ಸೆಕೆಯಲ್ಲದೆ ಇನ್ನೊಂದು ಸಾವಿದೆ. ಹುಲ್ಲುಗಾವಲಿನಲ್ಲಿ ಬೆಳೆದ ಕುರಿಗೆ ತೊಟ್ಟಿಯಲ್ಲಿರೋ ಗುಳಿಗೆ ತಿಂಡಿ ಮೇವು ಅಂತಲೇ ಗೊತ್ತಾಗಲ್ಲ. ತುಂಬಿದ ತೊಟ್ಟಿ ಮುಂದೆ ಉಪವಾಸ ನಿಲ್ಲತ್ತೆ. ಹಸಿದ ಹೊಟ್ಟೆಗೆ ಸಾಲ್ಮೊನೆಲ್ಲಾ ಹತ್ತಿ ಸಾಯತ್ತೆ. ಹಡಗಿನಲ್ಲಿ ಸಾಯೋ ಕುರಿಗಳಲ್ಲಿ ಹೀಗೆ ಸಾಯೋದೇ ಬಹಳ. ಮಂದೆಯಲ್ಲಿ ಒಂದು ಕುರಿ ಮೇಯ್ತಿಲ್ಲ ಅಂತ ತಾತನಿಗೆ ಸಂಜೆಯೊಳಗೆ ಗೊತ್ತಾಗ್ತಿತ್ತು, ಅಲ್ವಾ?

ಶಿವಣ್ಣ: ಸಂಜೆವರೆಗೆ ಯಾಕೆ, ರೊಪ್ಪದಿಂದ ಬಿಡೋವಾಗಲೇ. ಹಿಂದೆ ಉಳಿಯೋದನ್ನ ನೋಡಿಯೇ ಹೇಳ್ತಿದ್ದರು.

ಸಹನಾ: ಹಡಗಿನಲ್ಲಿ 60,000 ಕುರಿಗೆ ಕುರಿ ನೋಡಿಕೊಳ್ಳೋ ಕೈಬೆರಳೆಣಿಕೆಯ ಸ್ಟಾಕ್‌ಮನ್‌ಗಳು, ಒಬ್ಬ ವೈದ್ಯ. ಅವರು ಕೆಟ್ಟವರಲ್ಲ. ಅವರಿಗೆ ಕಾಣೋದು ಬಿದ್ದ ಕುರಿ ಮಾತ್ರ, ಬೀಳ್ತಿರೋದು ಕಾಣಲ್ಲ.

ಶಿವಣ್ಣ: ಹಾಗಂದರೆ ತಪ್ಪು ಸಾವಿನಲ್ಲೂ ಇಲ್ಲ, ನೋವಿನಲ್ಲೂ ಪೂರ್ತಿ ಇಲ್ಲ. ನೋಡಬೇಕಾದವನು ಇಲ್ಲದಿರೋದರಲ್ಲಿದೆ. ಈ ಭಟ್ಕಳದ್ದೇ ಒಂದು ವಿಷಯ ಹೇಳ್ತೀನಿ. ವಿಜಯನಗರಕ್ಕೆ ಕುದುರೆ ಬರ್ತಿದ್ದದ್ದು ಸಮುದ್ರದ ಮೇಲೆ. ಅರಬ್ಬೀ ಕುದುರೆ, ಹೊರ್ಮುಜ್ ಕಡೆಯದ್ದು. ಇಳೀತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು.

ರಿಯಾಜ್: ನಮ್ಮ ಹಿರಿಯರು ಬಂದಿದ್ದೂ ಅದೇ ದಾರೀಲಿ ಅಂತಾರೆ!

ಶಿವಣ್ಣ: ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅಲ್ಲಿನ ರಾಜ ಸಾಳುವ ನರಸಿಂಹ ಕುದುರೆ ಜೀವಂತ ಬಂದರೂ ಸರಿ, ಸತ್ತರೂ ಸರಿ, ಒಂದೇ ಬೆಲೆ ಕೊಡ್ತಿದ್ದನಂತೆ, ಸಾವಿರ ಪರ್ದಾವು ನಾಣ್ಯಕ್ಕೆ ಮೂರು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು. ರಾಜನಿಗೆ ಬೇಕಾದ್ದು ದಂಡಿಗೆ ಕುದುರೆ. ವ್ಯಾಪಾರಿ ಕೈಬಿಟ್ಟು ಹೋಗಬಾರದು ಅಂತ ನಷ್ಟ ತಾನು ಹೊತ್ತ. ಉದಾರಿ ಅಂತ ಓದುವಾಗ ಖುಷಿಯಾಗಿತ್ತು. ಈಗ ಅನ್ನಿಸತ್ತೆ, ಬಾಲಕ್ಕೂ ಅಷ್ಟೇ ಬೆಲೆ ಅಂದ ಮೇಲೆ ದಾರಿಯಲ್ಲಿ ಆ ಕುದುರೆಗೆ ನೀರು ಕೊಡೋ ಗರಜು ಯಾರಿಗಿತ್ತು?

ರಿಯಾಜ್: ಈಗ ಹಾಗಿಲ್ಲ ಡಾಕ್ಟ್ರೇ. ಸತ್ತ ಕುರಿಗೆ ನಾನು ದುಡ್ಡು ಕೊಡಲ್ಲ. ಕುರಿ ಸಾಯಲಿ ಅಂತ ಯಾವ ವ್ಯಾಪಾರಿ ಬಯಸ್ತಾನೆ? ನಮ್ಮ ಲಾಭವೇ ಕುರಿಗೆ ಕಾವಲು.

ಸಹನಾ: ಲಾಭ ಕಾಯೋದು ಮಂದೆಯನ್ನ, ಕುರಿಯನ್ನಲ್ಲ. ನೂರಕ್ಕೆ ಒಂದು ಸಾಯೋದು ಬೆಲೆಯೊಳಗೇ ಸೇರಿರತ್ತೆ. ಆ ಒಂದನ್ನ ಉಳಿಸೋಕೆ ಅಟ್ಟದಲ್ಲಿ ಇನ್ನಷ್ಟು ಜಾಗ ಬಿಟ್ಟರೆ ಖರ್ಚು ಜಾಸ್ತಿ. ಇನ್ನು ನಿಮ್ಮವರೇ ಬೇಡ ಅಂದಾಗ ಏನಾಯ್ತು ಗೊತ್ತಲ್ಲ? 2003ರಲ್ಲಿ ಕಾರ್ಮೊ ಎಕ್ಸ್‌ಪ್ರೆಸ್ ಹಡಗು.

ರಿಯಾಜ್: ಸೌದಿಯವರು ವಾಪಸ್ ಕಳಿಸಿದ್ದು. ಬಾಯಿಹುಣ್ಣಿನ ರೋಗ ಇದೆ ಅಂದರು.

ಸಹನಾ: 57,000 ಕುರಿ. ಆಸ್ಟ್ರೇಲಿಯಾದವರು ಅಷ್ಟು ರೋಗ ಇಲ್ಲ ಅಂದರು, ಸೌದಿಯವರು ಇದೆ ಅಂದರು. ಮಾರಿದವನಿಗೆ ಮಾರಾಟ ಮುಗಿದಿತ್ತು, ಕೊಂಡವನಿಗೆ ಬೇಡವಾಗಿತ್ತು. ಬೇರೆ ಯಾವ ದೇಶವೂ ಇಳಿಸಿಕೊಳ್ಳಲಿಲ್ಲ. ಎರಡು ತಿಂಗಳಿಗೂ ಮೀರಿ ಆ ಹಡಗು ಸಮುದ್ರದಲ್ಲಿ ಅಲೆಯಿತು. ಕೊನೆಗೆ ಆಸ್ಟ್ರೇಲಿಯಾ ಸರಕಾರವೇ ಕುರಿಗಳನ್ನ ಕೊಂಡು ಎರಿಟ್ರಿಯಾಕ್ಕೆ ಕೊಟ್ಟಿತು. ಅಷ್ಟರಲ್ಲಿ 5,000ಕ್ಕೂ ಹೆಚ್ಚು ಸತ್ತಿದ್ದವು. ಆ ಎರಡು ತಿಂಗಳು ಅವು ಯಾರ ಕುರಿ, ಅಪ್ಪ?

ಶಿವಣ್ಣ: ಕಾಗದದಲ್ಲಿ ಯಾರದ್ದೋ ಇದ್ದೇ ಇರತ್ತೆ.

ಸಹನಾ: ಕಾಗದದ ಕತೆಯನ್ನೂ ಕೇಳು. ಅದೇ ಸುಮಾರಿನ ಇನ್ನೊಂದು ಪ್ರಯಾಣದ ಮೇಲೆ ಪರ್ತ್‌ನಲ್ಲಿ ಪ್ರಾಣಿಹಿಂಸೆ ಮೊಕದ್ದಮೆ ಹಾಕಿದ್ದರು. 2008ರಲ್ಲಿ ತೀರ್ಪು ಬಂತು: ಕ್ರೌರ್ಯ ನಡೆದಿದೆ, ಸಾಬೀತಾಗಿದೆ. ಆದರೆ ರಫ್ತಿಗೆ ಒಕ್ಕೂಟ ಸರಕಾರ ಪರವಾನಗಿ ಕೊಟ್ಟಿರೋದರಿಂದ ರಾಜ್ಯದ ಕಾನೂನು ಇಲ್ಲಿ ನಡೆಯಲ್ಲ. ಬಿಡುಗಡೆ.

ಶಿವಣ್ಣ: ಹಿಂಸೆ ಆಗಿದೆ, ಮಾಡಿದವರು ಯಾರೂ ಇಲ್ಲ.

ರಿಯಾಜ್: ಇಬ್ಬರೂ ಸೇರಿ ನನ್ನನ್ನ ಮೂಲೆಗೆ ಒತ್ತಬೇಡಿ. ನನ್ನ ಪ್ರಶ್ನೆಗೂ ಉತ್ತರ ಕೊಡಿ. ನೀವು ನಿಲ್ಲಿಸಿದಿರಿ. ಕೊಲ್ಲಿಯವರು ಕುರಿ ತಿನ್ನೋದು ನಿಲ್ಲಿಸ್ತಾರಾ? ರೊಮೇನಿಯಾದಿಂದ, ಸುಡಾನ್‌ನಿಂದ ತರಿಸ್ತಾರೆ. 2019ರಲ್ಲಿ ಕ್ವೀನ್ ಹಿಂದ್ ಹಡಗು ರೊಮೇನಿಯಾದ ಬಂದರು ಬಿಟ್ಟ ಕೂಡಲೇ ಮಗುಚಿತು, 14,600 ಕುರಿಯಲ್ಲಿ ಇನ್ನೂರೂ ಉಳಿಯಲಿಲ್ಲ. 2022ರಲ್ಲಿ ಸುಡಾನ್‌ನ ಸುವಾಕಿನ್ ಬಂದರಿನಲ್ಲೇ ಬದ್ರ್ ಹಡಗು ಮುಳುಗಿತು. ಹಿಡಿಸೋದು 9,000, ಹೇರಿದ್ದು 15,000ಕ್ಕೂ ಮೇಲೆ. ನಿಮ್ಮ ಹಡಗಿನಲ್ಲಿ ವೈದ್ಯನಾದರೂ ಇದ್ದ.

ಶಿವಣ್ಣ: ನಾನು ತಗೊಳ್ಳದಿದ್ದರೆ ಇನ್ನೊಬ್ಬ ಹೆಚ್ಚು ತಗೊಳ್ತಾನೆ ಅಂತ ಲಂಚ ತಿನ್ನೋ ಗುಮಾಸ್ತನೂ ಹೇಳ್ತಾನೆ ರಿಯಾಜ್.

ರಿಯಾಜ್: ಅದು ಗುಮಾಸ್ತನ ಮಾತಾಯ್ತು. ನಾವು ಮಾತಾಡ್ತಿರೋದು ಕುರಿ ಬಗ್ಗೆ ತಾನೆ? ಕುರಿಯ ನೋವು ಮುಖ್ಯ ಅಂದರೆ ಅದು ಯಾವ ಬಂದರಿನಲ್ಲಿ ಹತ್ತಿತು ಅನ್ನೋದು ಮುಖ್ಯ ಆಗಬಾರದು. ನಿಮ್ಮ ಕೈ ತೊಳೆದುಕೊಂಡಿರಿ, ಕುರಿಯ ಪಾಡು ಇನ್ನೂ ಕೆಟ್ಟಿತು. ಇದು ಕುರಿಗೆ ಮಾಡಿದ ಧರ್ಮವಾ, ನಿಮಗೆ ಮಾಡಿಕೊಂಡಿದ್ದಾ?

ಸಹನಾ: (ತುಸು ಸುಮ್ಮನಿದ್ದು) ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ ಅಂಕಲ್. ಒಂದಿಷ್ಟು ಜನ ಪೆಟ್ಟಿಗೆ ಮಾಂಸಕ್ಕೆ ಬರ್ತಾರೆ, ನೀವೇ ಮಾರಿದ್ದೀರಿ. ಒಂದಿಷ್ಟು ಜನ ಸುಡಾನ್ ಕಡೆ ತಿರುಗ್ತಾರೆ, ಅದೂ ನಿಜ. ಆದರೆ ಆಸ್ಟ್ರೇಲಿಯಾ ಮಾಡಬಹುದಾದ್ದು ತನ್ನ ಕೈಲಿರೋದನ್ನ ಮಾತ್ರ. ಇನ್ನೊಬ್ಬನ ಕ್ರೌರ್ಯ ಕಡಿಮೆ ಮಾಡೋಕೆ ನನ್ನ ಕ್ರೌರ್ಯ ಮುಂದುವರಿಸ್ತೀನಿ ಅನ್ನೋ ದಾರಿ ಹಿಡಿದರೆ ಅದಕ್ಕೆ ಕೊನೆ ಇಲ್ಲ.

ಶಿವಣ್ಣ: ನಿಲ್ಲಿಸೋದರಲ್ಲೂ ಕ್ರೌರ್ಯ ಇರತ್ತೆ, ಅದನ್ನೂ ಹೇಳು. 2011ರಲ್ಲಿ ಇಂಡೊನೇಷ್ಯಾದ ಕಸಾಯಿಖಾನೆಗಳ ಚಿತ್ರ ಟೀವಿಯಲ್ಲಿ ಬಂದ ಕೂಡಲೇ ಆಸ್ಟ್ರೇಲಿಯಾದ ಮಂತ್ರಿ ಅಲ್ಲಿಗೆ ದನದ ಸಾಗಣೆ ನಿಲ್ಲಿಸಿದರಲ್ಲ?

ಸಹನಾ: ಹೌದು. ಉತ್ತರದ ಸಾಕಣೆದಾರರ ದನಗಳು ಬಂದರಿನ ದೊಡ್ಡಿಯಲ್ಲೇ ಉಳಿದವು. ಇಂಡೊನೇಷ್ಯಾ 350 ಕೆ.ಜಿ. ಮೀರಿದ ದನ ತಗೊಳ್ತಿರಲಿಲ್ಲ. ಕಾಯ್ತಾ ಕಾಯ್ತಾ ದನ ಆ ತೂಕ ದಾಟಿ ಮಾರೋಕೇ ಬಾರದಂತಾಯ್ತು. ಒಂದು ತಿಂಗಳಿಗೆ ನಿಷೇಧ ಎತ್ತಿದರು. 2020ರಲ್ಲಿ ಕೋರ್ಟು ಆ ನಿಷೇಧವೇ ಕಾನೂನುಬಾಹಿರ ಅಂತು. ಕುರಿ ವಿಷಯದಲ್ಲಿ ನಾಲ್ಕು ವರ್ಷ ಗಡುವು, ಜೊತೆಗೆ ಪರಿಹಾರದ ಹಣ ಇಟ್ಟಿದ್ದಾರೆ. ಆದರೂ ಪರ್ತ್‌ನ ಬೀದಿಗಳಲ್ಲಿ ರೈತರು ಟ್ರಕ್ ಸಾಲು ನಿಲ್ಲಿಸಿದರು. ಅವರಿಗೆ ಕುರಿ ಮೇಲೆ ಪ್ರೀತಿ ಇಲ್ಲ ಅಂತ ನಾನು ಹೇಳಲಾರೆ.

ರಿಯಾಜ್: ಇನ್ನೊಂದು. ಹಡಗು ಅಂದರೆ ನೀವು ಕುರಿ-ದನ ಎಣಿಸ್ತೀರಿ. 2020ರಲ್ಲಿ ನ್ಯೂಜಿಲೆಂಡ್‌ನಿಂದ ಚೀನಾಕ್ಕೆ ಹೊರಟಿದ್ದ ಗಲ್ಫ್ ಲೈವ್‌ಸ್ಟಾಕ್ 1 ಜಪಾನ್ ಹತ್ತಿರ ಬಿರುಗಾಳಿಗೆ ಸಿಕ್ಕಿತು. ಸುಮಾರು 6,000 ದನ ಹೋದವು ಅಂತ ಎಲ್ಲ ಕಡೆ ಬಂತು. 43 ಜನರಲ್ಲಿ ಉಳಿದದ್ದು ಇಬ್ಬರು. ಹೆಚ್ಚಿನವರು ಫಿಲಿಪ್ಪೀನ್ಸಿನ ಬಡ ಹುಡುಗರು. ಕೊಲ್ಲಿಗೆ ದುಡಿಯೋಕೆ ಹೋದವನು ನಾನು, ನನಗೆ ಮೊದಲು ಕಂಡದ್ದು ಆ ಹುಡುಗರು.

ಶಿವಣ್ಣ: ಆ ಹಡಗು ಕಂಟೇನರ್ ಹಡಗಾಗಿ ಹುಟ್ಟಿ ಆಮೇಲೆ ದನದ ಹಡಗಾಗಿದ್ದಂತೆ. ಈ ಧಂದೆಯ ಹಡಗುಗಳು ಬಹುಪಾಲು ಹೀಗೇ, ಬೇರೆ ಕೆಲಸ ಮುಗಿಸಿ ಬಂದ ಹಳೆಯವು. ಕುರಿಗೆ ಗಾಳಿ ಇಲ್ಲದ ಅಟ್ಟದಲ್ಲಿ ಆ ಹುಡುಗರಿಗೂ ಗಾಳಿ ಇಲ್ಲ. ನಿಮ್ಮ ಮಾತು ಅವಳ ಪಕ್ಷಕ್ಕೇ ಬಲ ಕೊಡ್ತಿದೆ ರಿಯಾಜ್.

ಸಹನಾ: ನ್ಯೂಜಿಲೆಂಡ್ 2023ರಲ್ಲಿ ಸಮುದ್ರದ ಮೇಲೆ ದನ ಸಾಗಿಸೋದನ್ನೇ ನಿಲ್ಲಿಸಿತು. ಅಂಕಲ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದುಬೈಯಲ್ಲಿದ್ದಷ್ಟು ವರ್ಷ ನೀವು ಬಕ್ರೀದ್ ಕುರ್ಬಾನಿ ಎಲ್ಲಿ ಮಾಡಿದಿರಿ?

ರಿಯಾಜ್: ಇಲ್ಲೇ, ಭಟ್ಕಳದಲ್ಲಿ. ನಾನು ದುಡ್ಡು ಕಳಿಸ್ತಿದ್ದೆ, ಅಣ್ಣ ನನ್ನ ಹೆಸರಲ್ಲಿ ಮಾಡ್ತಿದ್ದ. ನಮ್ಮಲ್ಲಿ ಅದಕ್ಕೆ ಅಡ್ಡಿ ಇಲ್ಲ. ಬಡವರಿಗೆ ಪಾಲು ಹೋಗೋದೂ ಇಲ್ಲೇ ಹೆಚ್ಚು.

ಸಹನಾ: ಅಂದರೆ ಕುರಿಯ ಬದಲು ದುಡ್ಡು ಸಮುದ್ರ ದಾಟಿದರೂ ನಡೆಯತ್ತೆ.

ರಿಯಾಜ್: (ನಕ್ಕು) ವಕೀಲಿ ಓದಬೇಕಿತ್ತು ನೀನು. ಇರಲಿ, ನಾನೇ ಇನ್ನೊಂದು ಸೇರಿಸ್ತೀನಿ. ಕುಂಟ, ಕುರುಡ, ಬಡಕಲು ಪ್ರಾಣಿ ಕುರ್ಬಾನಿಗೆ ಸಲ್ಲದು. ಚೂರಿ ಹರಿತ ಇರಬೇಕು, ಅದನ್ನ ಪ್ರಾಣಿಯ ಮುಂದೆ ಮಸೆಯಬಾರದು. ಇಷ್ಟೆಲ್ಲ ಹೇಳಿರೋ ಧರ್ಮ ಮೂರು ವಾರದ ಕೆಸರನ್ನ ಒಪ್ಪತ್ತೆ ಅಂತ ನಾನು ವಾದ ಮಾಡಲ್ಲ. ಆದರೆ ಕುವೈತಿನ ಮನೆ ಯಜಮಾನ ತನ್ನ ಅಂಗಳದಲ್ಲೇ ಆಗಬೇಕು ಅಂತಾನೆ. ಅವನಿಗೆ ಯಾರು ಹೇಳ್ತಾರೆ?

ಶಿವಣ್ಣ: ಹೇಳೋ ಬಾಯಿ ನಮಗೂ ಇಲ್ಲ. ಕಛ್‌ನ ತುಣಾ ಬಂದರಿನಿಂದ ನಾವೂ ಕುರಿ-ಮೇಕೆ ಕೊಲ್ಲಿಗೆ ಕಳಿಸಿದವರೇ. 2023ರಲ್ಲಿ ಕೇಂದ್ರ ಸರಕಾರ ಜೀವಂತ ಜಾನುವಾರು ರಫ್ತಿಗೆ ಒಂದು ಮಸೂದೆಯ ಕರಡು ತಂದು, ಗಲಾಟೆ ಆದ ಮೇಲೆ ವಾಪಸ್ ತಗೊಂಡಿತು. ಇನ್ನು ನಮ್ಮ ಲಾರಿಗಳಲ್ಲಿ ಎರಡಟ್ಟ ಕಟ್ಟಿ ಕುರಿ ತುಂಬಿರೋದನ್ನ ತುಮಕೂರು ರಸ್ತೆಯಲ್ಲಿ ಯಾವ ರಾತ್ರಿ ಬೇಕಾದರೂ ನೋಡಬಹುದು. ಅದಿರಲಿ. ಸಹನಾ, ನಿನ್ನ ಕಾಯ್ದೆಯಲ್ಲಿ ದನ ಇದೆಯಾ?

ಸಹನಾ: ಇಲ್ಲ. ಕುರಿ ಮಾತ್ರ. ಡಾರ್ವಿನ್‌ನಿಂದ ಇಂಡೊನೇಷ್ಯಾಕ್ಕೆ ದನ ಈಗಲೂ ಹೋಗ್ತಿವೆ. ದಾರಿ ಹತ್ತಿರ, ಆ ದನ ಸೆಕೆಗೆ ಹೊಂದಿದ್ದು, ಸಾಯೋದು ಬಹಳ ಕಡಿಮೆ ಅಂತಾರೆ.

ಶಿವಣ್ಣ: ಅಂದರೆ ನೂರಕ್ಕೆ ಎಷ್ಟು ಅನ್ನೋ ಲೆಕ್ಕಕ್ಕೇ ಬಂದಿರಿ.

ಸಹನಾ: ನಾನು ಬಂದಿಲ್ಲ, ಕಾಯ್ದೆ ಬಂದಿದೆ.

ರಿಯಾಜ್: ಹಾಗಾದರೆ ಯಾವ ಷರತ್ತಿನ ಮೇಲೆ ಹಡಗು ಬಿಡ್ತೀಯ? ವ್ಯಾಪಾರಿಯ ಭಾಷೆಯಲ್ಲಿ ಹೇಳು.

ಸಹನಾ: ಹಡಗಿನ ವೈದ್ಯನಿಗೆ ಸಂಬಳ ರಫ್ತುದಾರ ಕೊಡಬಾರದು. ಹತ್ತಿದ ಒಂದೊಂದು ಪ್ರಾಣಿಯೂ ಇಳಿದು, ಆ ಕಡೆಯ ರೊಪ್ಪದಲ್ಲಿ ಮೇವು ತಿನ್ನೋವರೆಗೆ ಮಾರಿದವನಿಗೆ ಪೈಸೆ ಸಿಗಬಾರದು. ಕೊಂಡವನು ಬೇಡ ಅಂದರೆ ಮಾರಿದವನೇ ವಾಪಸ್ ಇಳಿಸಿಕೊಳ್ಳಬೇಕು, ಇಳಿಸೋ ಬಂದರು ಮೊದಲೇ ಗೊತ್ತಿರಬೇಕು. ಸತ್ತ ಪ್ರಾಣಿ ಒಂದೇ ಆದರೂ ಯಾಕೆ ಅಂತ ಹೆಸರು ಹಾಕಿ ಒಬ್ಬ ಮನುಷ್ಯ ಉತ್ತರ ಕೊಡಬೇಕು.

ರಿಯಾಜ್: ಆ ಷರತ್ತಿಗೆ ಯಾವ ಹಡಗಿನವನೂ ಲಂಗರು ಎತ್ತಲ್ಲ ಮಗಳೇ.

ಸಹನಾ: ಗೊತ್ತು.

ಶಿವಣ್ಣ: ಎತ್ತಿದರೆ ತಲೆಗೆ ಎಷ್ಟು ಬೀಳಬಹುದು ರಿಯಾಜ್? ಸುಮ್ಮನೆ ಕೇಳ್ತೀನಿ.

ರಿಯಾಜ್: ಮಗನಿಗೆ ಫೋನ್ ಮಾಡಿ ವಿಮಾನದ ಪೆಟ್ಟಿಗೆ ರೇಟು ಕೇಳ್ತೀನಿ, ಇರಿ. ಅದಕ್ಕಿಂತ ಕಡಿಮೆಯಂತೂ ಬೀಳಲ್ಲ.