ನಡೆಯೊಳಗಿನ ಜಪ



ಕನ್ನಡದಲ್ಲಿ 'ನಡೆ' ಎಂಬ ಒಂದೇ ಮಾತು ಕಾಲಿನ ಚಲನೆಗೂ ಸಲ್ಲುತ್ತದೆ, ಬಾಳಿನ ಆಚಾರಕ್ಕೂ ಸಲ್ಲುತ್ತದೆ. ಸಂಸ್ಕೃತದ 'ಜಂಗಮ' ಶಬ್ದವಾದರೋ ಗಮನಾರ್ಥಕ ಧಾತುವಿನಿಂದ ದ್ವಿರುಕ್ತಿಯನ್ನು ಪಡೆದು ಹುಟ್ಟಿದುದು. ಗತ್ಯರ್ಥಕ ಧಾತುಗಳಿಗೆ ಯಙ್ ಪ್ರತ್ಯಯವು ಹತ್ತುವುದು ವಕ್ರವಾಗಿ, ಸುತ್ತಿ ಸುಳಿದು ನಡೆಯುವ ಅರ್ಥದಲ್ಲಿ ಮಾತ್ರವೆಂದು ಪಾಣಿನಿಯು ನಿಯಮಿಸಿದ್ದಾನೆ. ಬೌದ್ಧಭಿಕ್ಷುಗಳು ಅಡ್ಡಾಡುತ್ತಲೇ ಮಾಡುವ ಧ್ಯಾನಕ್ಕೆ ಇರುವ 'ಚಂಕ್ರಮಣ' ಎಂಬ ಹೆಸರೂ ಇದೇ ಬಗೆಯಲ್ಲಿ ಸಿದ್ಧಿಸಿದ ರೂಪವೇ. ವ್ಯಾಕರಣದ ಈ ಸೂಕ್ಷ್ಮವನ್ನು ನಾನು ಬಹುಕಾಲ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಿದೆನೇ ಹೊರತು, ಮಲೆಯ ಸುತ್ತುದಾರಿಯನ್ನು ಹತ್ತುವವರೆಗೆ ಅದರ ಸ್ವಾರಸ್ಯ ನನಗೆ ಹೊಳೆಯಲಿಲ್ಲ.

ನಡೆಯುತ್ತ ಧ್ಯಾನಿಸುವುದು ನಮಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲದ ಕದಳೀವನಕ್ಕೂ ನಡೆದೇ ಹೋದಳು. ಅಲ್ಲಮಪ್ರಭುವು ಒಂದೆಡೆ ನಿಂತವನಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ತಿನ ಮರುಭೂಮಿಯನ್ನು ಹೊಕ್ಕ ಕ್ರೈಸ್ತ ತಪಸ್ವಿಗಳು ಅರಸಿದುದೂ ಇಂತಹ ನಿರ್ಜನವನ್ನೇ. ನಮ್ಮ ನಾಡಿನಲ್ಲಿ ಅಂತಹ ಮರಳುಗಾಡಿಲ್ಲ, ದಿಟ. ಆದರೆ ಶಿವರಾತ್ರಿಯ ಹೊತ್ತಿಗೆ ಹನೂರನ್ನು ದಾಟಿ ಕೌದಳ್ಳಿಯ ಕಡೆಗೆ ನಡೆದವರಿಗೆ ಆ ಕೊರತೆ ತೋರದು. ಎಲೆಯುದುರಿದ ಕುರುಚಲು, ಜಾಲಿ, ಕಾರೆಯ ಮುಳ್ಳು, ಕಾದ ಕಲ್ಲು. ನೆರಳೆಂಬುದು ತಲೆಯ ಮೇಲಿನ ವಸ್ತ್ರದಷ್ಟೇ.

ನಮ್ಮ ಬೆಳಕವಾಡಿಯ ಸೀಮೆಯವರು ಮಾದಪ್ಪನ ಬೆಟ್ಟಕ್ಕೆ ನಡೆಯುವುದು ಹಿರಿಯರ ಕಾಲದ ವಾಡಿಕೆ. ಶಿವನಸಮುದ್ರದಲ್ಲಿ ಕಾವೇರಿಯನ್ನು ದಾಟಿ, ಸತ್ತೇಗಾಲ, ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನು ಕಳೆದು ತಾಳಬೆಟ್ಟದ ಬುಡವನ್ನು ಸೇರಬೇಕು. ಕೊಳ್ಳೇಗಾಲದಿಂದಲೇ ಸುಮಾರು 80 ಕಿಲೋಮೀಟರು. 1956ಕ್ಕೆ ಮುಂಚೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ, ನಮ್ಮ ಅಜ್ಜಂದಿರು ಹೊಳೆ ದಾಟಿದೊಡನೆ ಪರರಾಜ್ಯವನ್ನು ಹೊಕ್ಕಂತಾಗುತ್ತಿತ್ತು. ಮಾದಪ್ಪನಿಗೆ ಆ ಗಡಿ ತಿಳಿದಿತ್ತೋ ಇಲ್ಲವೋ! 2013ರಿಂದ ಆ ಮಲೆಯು ವನ್ಯಜೀವಿಧಾಮವಾಗಿದೆ. ಕತ್ತಲಲ್ಲಿ ಒಬ್ಬೊಬ್ಬರೇ ನಡೆಯುವ ಸಾಹಸವನ್ನು ಯಾರೂ ಮಾಡಬಾರದು.

ಇಲ್ಲಿ ಒಂದು ಶಂಕೆ ಏಳುತ್ತದೆ. ಎದೆಯ ಮೇಲೆ ಇಷ್ಟಲಿಂಗವಿರುವವನಿಗೆ ಬೆಟ್ಟದ ಸ್ಥಾವರಕ್ಕೆ ಹೋಗುವ ಅವಶ್ಯಕತೆಯೇನು? ಶಂಕೆ ನ್ಯಾಯವಾದುದೇ. ದೇಹವೇ ದೇಗುಲವೆಂದ ಮೇಲೆ ದೇಗುಲವು ಕಾಲಿನೊಡನೆ ಬರುತ್ತದೆ. ಬೆಟ್ಟಕ್ಕೆ ಹೋಗಿ ಗಳಿಸಬೇಕಾದ ಲಿಂಗವಿಲ್ಲ. ಆದರೆ ಮಾದಪ್ಪನೂ ಬಹುದೂರದಿಂದ ಮಠಮಠಗಳನ್ನು ಹಾದು ಬಂದ ಜಂಗಮನೆಂದೇ ಕಂಸಾಳೆಯವರು ಹಾಡುತ್ತಾರೆ. ಅವನು ಸುಳಿದ ದಾರಿಯಲ್ಲಿ ಸುಳಿಯುವುದು ಕಲ್ಲನ್ನು ಪೂಜಿಸುವುದಕ್ಕೆ ಸಮನಾಗದು. ಹೀಗೆಂದು ನಾನು ಸಮಾಧಾನ ತಂದುಕೊಂಡಿದ್ದೇನೆ. ಒಪ್ಪದವರೊಡನೆ ನನಗೆ ಜಗಳವಿಲ್ಲ.

ನಡೆಯುವ ಕ್ರಮ ಸುಲಭವಾದುದು. ಬೆಳಗಿನ ಜಾವದಲ್ಲಿ ಲಿಂಗಪೂಜೆಯನ್ನು ಮುಗಿಸಿ, ತಂಪುಹೊತ್ತಿನಲ್ಲೇ ಹೊರಡಬೇಕು. ಷಡಕ್ಷರಿಯ ಆರು ಅಕ್ಷರಗಳನ್ನು ಆರು ಹೆಜ್ಜೆಗಳಿಗೆ ಹೊಂದಿಸಿಕೊಳ್ಳಬೇಕು. ದೃಷ್ಟಿ ನಾಲ್ಕು ಮೊಳ ಮುಂದಿನ ನೆಲದ ಮೇಲಿರಲಿ. ಅದು ಧ್ಯಾನಕ್ಕೂ ಒಳ್ಳೆಯದು, ಮುಳ್ಳಿಗೂ ಒಳ್ಳೆಯದು. ಉಸಿರು ಕಟ್ಟಿದರೆ ನಿಲ್ಲಬೇಕು, ಮಂತ್ರವನ್ನು ಓಡಿಸಬಾರದು.

ಕೆಲವು ವರ್ಷಗಳ ಹಿಂದೆ ನಾನು ಹಾಗೆಯೇ ನಡೆಯುತ್ತಿದ್ದೆ. ಕೈಯಲ್ಲಿ ರುದ್ರಾಕ್ಷಿಯ ಸರ. ನೂರೆಂಟರ ಸುತ್ತುಗಳು ಎಷ್ಟಾದುವೆಂಬ ಲೆಕ್ಕ ಮನಸ್ಸಿನಲ್ಲಿ. ಆ ಲೆಕ್ಕವನ್ನು ಊರಿಗೆ ಹೋಗಿ ಯಾರ ಮುಂದೆ ಹೇಗೆ ಹೇಳಬೇಕೆಂಬುದೂ ಮನಸ್ಸಿನಲ್ಲಿತ್ತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಕೌದಳ್ಳಿಯಿಂದೀಚೆಗೆ ಒಬ್ಬ ಮುದುಕಿ ನಮ್ಮ ಜೊತೆ ಕೂಡಿಕೊಂಡಳು. ತಲೆಯ ಮೇಲೆ ಮುಡಿಪಿನ ಗಂಟು, ಬರಿಗಾಲು, ಬಾಯಲ್ಲಿ ಮಾದಪ್ಪನ ಪದ. ಅವಳ ಹಾಡಿನ ತಾಳಕ್ಕೂ ನನ್ನ ಆರಕ್ಷರಕ್ಕೂ ಹೊಂದಿಕೆಯಾಗದೆ ಮೂರು ಬಾರಿ ಎಣಿಕೆ ತಪ್ಪಿತು. ನಾಲ್ಕನೆಯ ಬಾರಿಗೆ ತಿರುಗಿ ನಿಂತು, "ಅವ್ವಾ, ಸ್ವಲ್ಪ ಹಿಂದೆ ಬಾರಮ್ಮ, ಇಲ್ಲಿ ಜಪ ನಡೆದಿದೆ" ಎಂದೆ. ಅವಳು ಕೈಮುಗಿದು ಪಕ್ಕಕ್ಕೆ ಸರಿದು ನಿಂತಳು. ಹಾಡೂ ನಿಂತಿತು.

ತಾಳಬೆಟ್ಟದಿಂದ ಏರು ಮೊದಲಾದ ಮೇಲೆ ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಜೊತೆಯವರು ಮುಂದೆ ಹೋಗಿದ್ದರು, ನೀರೂ ತೀರಿತ್ತು. ಬಂಡೆಯೊಂದಕ್ಕೆ ಒರಗಿ ಕುಳಿತೆ. ಸರದ ಮಣಿ ಸರಿಯುತ್ತಿತ್ತೇ ಹೊರತು ಮಂತ್ರ ಎಲ್ಲಿತ್ತೋ ತಿಳಿಯದು. ಅಷ್ಟರಲ್ಲಿ ಆ ಮುದುಕಿ ಬಂದಳು. ಗಂಟನ್ನು ಇಳಿಸಿ, ನೀರಿನ ಬಾಟಲಿಯನ್ನೂ ಬೆಲ್ಲದ ಚೂರನ್ನೂ ನನ್ನ ಮುಂದಿಟ್ಟು, ಕಾಲನ್ನು ನೀಡಿಕೊಳ್ಳುವಂತೆ ಕೈಸನ್ನೆ ಮಾಡಿದಳು. ತುಟಿ ಬಿಚ್ಚಲಿಲ್ಲ. ಇವಳಿಗೆ ಕೋಪ ಬಂದಿದೆ ಎಂದುಕೊಂಡೆ. ನೀರು ಕುಡಿದು, "ಯಾಕವ್ವಾ, ಮಾತಾಡುವುದಿಲ್ಲವೇ?" ಎಂದು ಕೇಳಿದೆ.

"ಜಪ ಮುಗೀತಾ ಬುದ್ಧಿ? ಮಾತಾಡುದ್ರೆ ಕೆಟ್ಟೋದಾತು ಅಂತ ಸುಮ್ಕಿದ್ದೆ" ಎಂದಳು.

ಬಂಧುಗಳೇ, ಪಾದೋದಕದ ಮಹಿಮೆಯನ್ನು ಕುರಿತು ಎಷ್ಟೋ ಉಪನ್ಯಾಸಗಳನ್ನು ಮಾಡಿದವನು ನಾನು. ಅವಳ ಪಾದಗಳು ನನ್ನ ಕಣ್ಣೆದುರಿಗೇ ಇದ್ದುವು, ಹಿಮ್ಮಡಿ ಒಡೆದು ಧೂಳು ಮೆತ್ತಿಕೊಂಡು. ಕ್ಷಮೆ ಬೇಡಲು ಹೊರಟರೆ ಅವಳಿಗೆ ಅರ್ಥವೇ ಆಗಲಿಲ್ಲ. "ನಂಗೆ ಜಪಗಿಪ ಬರಾಕಿಲ್ಲ ಬುದ್ಧಿ. ಕಾಲಿನ ಮ್ಯಾಲೆ ಗ್ಯಾನ ವೋದ್ರೆ ನೋವಾಯ್ತದೆ, ಅದ್ಕೇ ಮಾದಪ್ಪನ ಮ್ಯಾಲೆ ಹಾಡ್ಕತೀನಿ" ಎಂದು ಗಂಟನ್ನು ಎತ್ತಿಕೊಂಡಳು.

ಹೆಜ್ಜೆಯ ಮೇಲೆ ಲಕ್ಷ್ಯವಿಡಬೇಕೆಂದು ನಾನು ಮೇಲೆ ಬರೆದಿದ್ದೇನೆ. ಆ ಕ್ರಮ ತಪ್ಪೆಂದು ಈಗಲೂ ಹೇಳಲಾರೆ. ಆರಂಭದ ಸಾಧಕನಿಗೆ ಅದು ಬೇಕು. ಆದರೆ ಅವಳಿಗೆ ಹೆಜ್ಜೆಯೂ ಇರಲಿಲ್ಲ, ಎಣಿಕೆಯೂ ಇರಲಿಲ್ಲ. ನನಗೆ ಎರಡೂ ಇದ್ದುವು, ಮಾದಪ್ಪ ಇರಲಿಲ್ಲ.

ಉಳಿದ ಏರನ್ನು ಅವಳ ಹಿಂದೆ ಹತ್ತಿದೆ. ಹಾಡೆಂದು ನಾನೇ ಕೇಳಿಕೊಂಡೆ. ಮೊದಲು ನಾಚಿದಳು, ಒಂದು ತಿರುವು ಕಳೆದ ಮೇಲೆ ಮೆಲ್ಲನೆ ಎತ್ತಿಕೊಂಡಳು. ರುದ್ರಾಕ್ಷಿಯ ಸರವನ್ನು ಕೊರಳಿಗೆ ಹಾಕಿಕೊಂಡೆ. ಎಷ್ಟನೆಯ ಮಣಿಗೆ ನಿಂತಿತ್ತೆಂದು ನೋಡಲಿಲ್ಲ.