ಪಾಪದ ಬಣ್ಣ ಯಾವುದು?

1866ರಲ್ಲಿ ಲಂಡನಿನ ಬೋಧಕರಾದ ಸ್ಪರ್ಜನರು ಅಕ್ಷರವಿಲ್ಲದ ಪುಸ್ತಕವೊಂದನ್ನು ಕುರಿತು ಪ್ರಸಂಗಿಸಿದರು. ಅದರಲ್ಲಿ ಕಪ್ಪು ಹಾಳೆಯು ಪಾಪವನ್ನೂ ಕೆಂಪು ಹಾಳೆಯು ಕ್ರಿಸ್ತನ ರಕ್ತವನ್ನೂ ಬಿಳಿ ಹಾಳೆಯು ಶುದ್ಧತೆಯನ್ನೂ ಸೂಚಿಸಿದವು. ಅಂಥ ಹಾಳೆಗಳನ್ನು ಸಂಡೇಸ್ಕೂಲುಗಳಲ್ಲಿ ಈಗಲೂ ತೋರಿಸುವದುಂಟು. ಅವನ್ನು ಕಂಡ ನಮ್ಮ ಮಕ್ಕಳು ತಮ್ಮ ಮೈಬಣ್ಣವನ್ನು ಕುರಿತು ಏನೆಂದುಕೊಂಡಾರು? ಬದನವಾಳಿನ ಖಾದಿಯ ಬಿಳಿ ನೂಲನ್ನು ನೂತ ತಾಯಂದಿರ ಕೈಗಳೂ ಕಪ್ಪೇ. ಅವು ಪಾಪದ ಗುರುತೋ?

ವೇದವು ಹಾಗೆ ಕಲಿಸುವದಿಲ್ಲ. ಯೆಶಾಯನು ಪಾಪವನ್ನು ಕಡುಗೆಂಪಿಗೆ ಹೋಲಿಸಿದನು. ಮೋಶೆಯ ಹೆಂಡತಿಯಾದ ಕೂಷ್ ದೇಶದವಳ ನಿಮಿತ್ತ ಅವನನ್ನು ದೂರಿದ ಮಿರ್ಯಾಮಳು ಕುಷ್ಠದಿಂದ ಹಿಮದಂತೆ ಬೆಳ್ಳಗಾದಳು (ಅರಣ್ಯಕಾಂಡ 12). ಕಪಟಿಗಳನ್ನು ಕರ್ತನು ಸುಣ್ಣ ಹಚ್ಚಿದ ಸಮಾಧಿಗಳೆಂದನು. ಆದಕಾರಣ ಮಕ್ಕಳಿಗೆ ಪಾಪವನ್ನು ತಿಳಿಸುವಾಗ ಸುಳ್ಳು, ದ್ವೇಷ, ಹೊಟ್ಟೆಕಿಚ್ಚುಗಳ ಚಿತ್ರಗಳನ್ನೇ ತೋರಿಸೋಣ. ಅವರ ಮೈಬಣ್ಣವು ಸೃಷ್ಟಿಕರ್ತನು ಕೊಟ್ಟದ್ದು, ತೊಳೆಯಬೇಕಾದದ್ದು ಹೃದಯವು.